ಉಸುಕು ಹೊಡೆದದ್ದಕ್ಕೆ ಪುರಾವೆ

ಮುಂಬಯಿ ಪರೇಲ್‌ನ ನಮ್ಮ ಆಸ್ಪತ್ರೆಯ ಶ್ವಾಸಕೋಶ ವಿಭಾಗದ ವೈದ್ಯೆ ಒಂದು ಬೆಳಿಗ್ಗೆ ನನ್ನನ್ನು ಮೇಲಕ್ಕೆ ಕರೆಸಿಕೊಂಡು, ಕಂಪ್ಯೂಟರ್ ಪರದೆಯ ಮೇಲಿದ್ದ ಎಕ್ಸ್‌ರೇ ತೋರಿಸಿದರು. ಎರಡೂ ಕಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳಿದ್ದವು.

"ಇವನಿಗೆ ಬೇರೆ ಬೇರೆ ಕಡೆ ಎರಡು ಸಲ ಟಿಬಿ ಮಾತ್ರೆಯ ಪೂರ್ತಿ ಕೋರ್ಸ್ ಕೊಟ್ಟಿದ್ದಾರೆ. ಕಫದಲ್ಲಿ ಒಂದು ಸಲವೂ ಟಿಬಿ ಸಿಕ್ಕಿಲ್ಲ. ಇದು ದೂಳಿನ ಕಾಯಿಲೆ. ಎಲ್ಲಿಯ ದೂಳು ಅಂತ ನೀವು ಕೇಳಿ ತಿಳಿದುಕೊಳ್ಳಿ. ನಿಮ್ಮ ಕಡೆಯವನೇ," ಎಂದು ಅವರು ಮರಾಠಿಯಲ್ಲಿ ಹೇಳಿದರು.

ನಾನು ಆಸ್ಪತ್ರೆಯ ಸಮಾಜ ಕಾರ್ಯಕರ್ತೆ. ರೋಗಿಯ ಮನೆ, ಕೆಲಸ, ಕಾಗದಪತ್ರಗಳನ್ನು ವಿಚಾರಿಸಿ ಬರೆಯುವುದು ನನ್ನ ಕೆಲಸ. ನೆಲಮಹಡಿಯ ನಮ್ಮ ಕೋಣೆಯಲ್ಲಿ ಮೂರು ಮೇಜುಗಳಿವೆ. ನಿವೃತ್ತರಾದ ಇಬ್ಬರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ. ಅವರ ಮೇಜುಗಳ ಮೇಲೆ ಮುರಿದ ಗಾಲಿಕುರ್ಚಿಯ ಬಿಡಿಭಾಗಗಳು ಬಿದ್ದಿರುತ್ತವೆ. ನನ್ನನ್ನು ಹನ್ನೊಂದು ಹನ್ನೊಂದು ತಿಂಗಳ ಕರಾರಿನ ಮೇಲೆ ಮುಂದುವರಿಸುತ್ತ ಬಂದಿದ್ದಾರೆ. ಕಾಂದಿವಲಿಯ ಮನೆಯಲ್ಲೂ ನಾನೊಬ್ಬಳೇ. ದಿನಕ್ಕೆ ಮೂವತ್ತು ಜನರ ಜೊತೆ ಮಾತನಾಡಿ ಮನೆಗೆ ಹೋಗಿ ಬೀಗ ತೆಗೆದರೆ, ಮರುದಿನ ಲೋಕಲ್ ಹತ್ತುವ ತನಕ ನನ್ನ ದನಿ ನನಗೇ ಕೇಳಿಸುವುದಿಲ್ಲ.

ವೈದ್ಯೆ ಹೇಳಿದ "ನಿಮ್ಮ ಕಡೆಯವನು" ವಿಜಯಪುರದ ಆಚೆಯವರು. ನಾನು ಉಡುಪಿಯ ಕಡೆಯವಳು. ಮುಂಬಯಿಗೆ ಅದೆಲ್ಲ ಒಂದೇ ಕಡೆ. ಪುರುಷರ ವಾರ್ಡಿನ ಕೊನೆಯ ಹಾಸಿಗೆಯಲ್ಲಿ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಅವರು ಕುಳಿತಿದ್ದರು. ವಯಸ್ಸು ನಲವತ್ತಾರು ಎಂದು ಫೈಲಿನಲ್ಲಿತ್ತು. ನೋಡಿದರೆ ಅರವತ್ತು ಅನ್ನಿಸುತ್ತಿತ್ತು. ನಾನು ಕನ್ನಡದಲ್ಲಿ ಮಾತು ಶುರು ಮಾಡಿದ ಕೂಡಲೇ ಆಕ್ಸಿಜನ್ ನಳಿಕೆಯನ್ನು ಸರಿಪಡಿಸಿಕೊಂಡು ನೆಟ್ಟಗೆ ಕುಳಿತರು.

"ಎಂತ ಕೆಲಸ ನಿಮ್ಮದು?" ಎಂದು ಕೇಳಿದೆ.

"ಎಂತ ಅಂದ್ರ?" ಎಂದು ನಕ್ಕರು. ನಕ್ಕದ್ದಕ್ಕೇ ಕೆಮ್ಮು ಬಂತು. ಅದು ಇಳಿದ ಮೇಲೆ, "ಮಜೂರಿರಿ ಅಕ್ಕಾರ," ಎಂದರು.

ಹಳೆಯ ಚೀಟಿಗಳಲ್ಲೆಲ್ಲ ಇದ್ದದ್ದು ಅದೇ ಶಬ್ದ. ಎರಡು ಆಸ್ಪತ್ರೆ, ಒಂದು ಮುನ್ಸಿಪಾಲ್ಟಿ ದವಾಖಾನೆ, ಎಲ್ಲ ಕಡೆಯೂ ಉದ್ಯೋಗದ ಮುಂದೆ 'ಲೇಬರ್' ಎಂದು ಬರೆದು ಮುಂದಿನ ರೋಗಿಯನ್ನು ಕರೆದಿದ್ದರು. ಅವರದೂ ತಪ್ಪಿಲ್ಲ, ಸಾಲು ಉದ್ದ ಇರುತ್ತದೆ.

"ಬೆಳಿಗ್ಗೆ ಕೆಲಸಕ್ಕೆ ಹೋದ ಕೂಡಲೇ ಕೈಯಲ್ಲಿ ಎಂತ ಹಿಡಿದುಕೊಳ್ತೀರಿ, ಅದನ್ನು ಹೇಳಿ," ಎಂದೆ.

"ಪೈಪ್ ಹಿಡಿತೀನ್ರಿ. ಉಸುಕ ಹೊಡಿಯೂ ಪೈಪ್."

ಹಾಗೆ ಶುರುವಾಯಿತು. ಅಚ್ಚಿನಿಂದ ಹೊರಬಂದ ಕಬ್ಬಿಣದ ವಾಲ್ವ್, ಪಂಪಿನ ಭಾಗಗಳ ಮೈ ಒರಟಾಗಿರುತ್ತದೆ. ಅದನ್ನು ನುಣುಪು ಮಾಡಲು ಕಂಪ್ರೆಸರ್‌ನ ಗಾಳಿಯ ಜೊತೆ ಮರಳನ್ನು ಸೇರಿಸಿ ಪೈಪಿನಿಂದ ರಭಸವಾಗಿ ಹೊಡೆಯುತ್ತಾರೆ. ತಗಡಿನ ಒಂದು ಗೂಡು, ಅದರೊಳಗೆ ಒಬ್ಬ ಮನುಷ್ಯ. ಮುಖಕ್ಕೆ ಒದ್ದೆ ಟವೆಲ್. ಹೊಡೆದ ಮರಳು ನೆಲಕ್ಕೆ ಬಿದ್ದರೆ ಜರಡಿ ಹಿಡಿದು ಮತ್ತೆ ಅದನ್ನೇ ತುಂಬುತ್ತಾರೆ. ನಾಲ್ಕನೆಯ ಸಲ ಹೊಡೆಯುವ ಹೊತ್ತಿಗೆ ಅದು ಮರಳಾಗಿ ಉಳಿದಿರುವುದಿಲ್ಲ, ಕಣ್ಣಿಗೆ ಕಾಣದ ಹಿಟ್ಟಾಗಿರುತ್ತದೆ. ಆ ಹಿಟ್ಟೇ ಶ್ವಾಸಕೋಶದಲ್ಲಿ ಕುಳಿತು ಕಲ್ಲಾಗುತ್ತದೆ. ಕಾಯಿಲೆಯ ಹೆಸರು ಸಿಲಿಕೋಸಿಸ್. ಅದಕ್ಕೆ ಔಷಧಿ ಇಲ್ಲ.

ಎಷ್ಟು ವರ್ಷ ಈ ಕೆಲಸ ಮಾಡಿದ್ದಾರೆ ಎಂಬುದನ್ನು ತೆಗೆಯುವುದಕ್ಕೇ ಐದು ದಿನ ಹಿಡಿಯಿತು. ಇಸವಿ ಕೇಳಿದರೆ ಅವರಿಗೆ ಹೊಳೆಯುತ್ತಿರಲಿಲ್ಲ. ಮಗಳು ಹುಟ್ಟಿದಾಗ ಎಲ್ಲಿದ್ದಿರಿ, ಆಗ ಕೆಲಸಕ್ಕೆ ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದಿರಿ, ಎದುರಿನ ಬಿಲ್ಡಿಂಗ್ ಎಷ್ಟು ಮಾಳಿಗೆ ಎದ್ದಿತ್ತು ಎಂದು ಕೇಳಬೇಕಾಗುತ್ತಿತ್ತು. ಇಸಿಜಿ ಕಾಗದದ ಹಿಂಬದಿಯಲ್ಲಿ ಉದ್ದ ಗೆರೆ ಎಳೆದು ಒಂದೊಂದನ್ನೇ ಗುರುತು ಹಾಕಿದೆ. ಮೊದಲ ಆರು ವರ್ಷ ಕಾಂದಿವಲಿಯ ಒಂದು ವಾಲ್ವ್ ಕಂಪನಿಯ ಕಾಂಪೌಂಡಿನೊಳಗೆ, ಹಿಂಬದಿಯ ಶೆಡ್ಡಿನಲ್ಲಿ. ಆಮೇಲೆ ಹನ್ನೊಂದು ವರ್ಷ ಬೈಕುಲ್ಲಾದಲ್ಲಿ, ಒಂದು ಹಳೆಯ ಚಾಳಿನ ಹಿಂದಿನ ಗಾಳಾದಲ್ಲಿ, ಅಂದರೆ ತಗಡಿನ ಮಾಡಿನ ಸಣ್ಣ ಕಾರ್ಖಾನೆಯಲ್ಲಿ. ಎರಡೂ ಕಡೆ ಒಬ್ಬರೇ ಉಸ್ತಾದರು. ಕಾಂದಿವಲಿಯಲ್ಲಿ ಅವರು ಫೋರ್‌ಮನ್, ಬೈಕುಲ್ಲಾದಲ್ಲಿ ಮಾಲೀಕ. ಬಾಗಲಕೋಟೆ ಕಡೆಯವರು. ಹುಡುಗರೆಲ್ಲ ಅವರನ್ನು ಸೇಠ್ ಎನ್ನುತ್ತಿದ್ದರಂತೆ.

ಸಿಟಿ ಸ್ಕ್ಯಾನ್ ಆಯಿತು. ಊದುವ ಪರೀಕ್ಷೆ, ಆರು ನಿಮಿಷ ನಡೆಸುವ ಪರೀಕ್ಷೆಯೂ ಆದವು. ಎರಡು ನಿಮಿಷಕ್ಕೇ ಅವರು ಗೋಡೆ ಹಿಡಿದು ನಿಂತುಬಿಟ್ಟರು. ವೈದ್ಯೆ ತಮ್ಮ ವರದಿ ಬರೆದರು. ಆದರೆ ಇದು ಕೆಲಸದಿಂದ ಬಂದ ಕಾಯಿಲೆ ಎಂದು ಪ್ರಮಾಣಪತ್ರ ಕೊಡುವ ಅಧಿಕಾರ ಇರುವುದು ಸರಕಾರದ ಒಂದು ಮಂಡಳಿಗೆ. ಅದು ಸಿಕ್ಕರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಮಂಡಳಿಯ ಫಾರಂ ವೈದ್ಯೆಯ ವರದಿಗಿಂತ ಮೊದಲು ಕೇಳುವುದು ಸಂಸ್ಥೆಯ ಹೆಸರು, ನೋಂದಣಿ ಸಂಖ್ಯೆ, ಹಾಜರಿ ಪುಸ್ತಕದ ನಕಲು.

"ನಿಮ್ಮ ಹತ್ತಿರ ಎಂತಾದರೂ ಕಾಗದ ಉಂಟಾ? ಗುರುತಿನ ಚೀಟಿ, ಪಗಾರದ ಚೀಟಿ?"

"ಗಾಳಾಕ್ಕ ಬೋರ್ಡ ಇಲ್ರಿ ಅಕ್ಕಾರ. ಕಾಗದ ಎಲ್ಲಿಂದ ಬರತೈತಿ?"

ಪರಿಹಾರದ ಬಗ್ಗೆ ನಾನು ವಿವರಿಸುತ್ತಿದ್ದಾಗ ಅವರು ಅರ್ಧಕ್ಕೇ ತಡೆದರು. ಅವರಿಗೆ ಬೇಕಾಗಿದ್ದದ್ದು ಬೇರೆ. "ಊರಾಗ ನನಗ ಟೀಬಿ ಐತಂತ ಹೇಳ್ಯಾರ್ರಿ. ಹಾಸ್ಗಿ ಹೊರಗ ಪಡಸಾಲ್ಯಾಗ. ಹೆಂಡತಿ ಮಾತಾಡಾಕ ಬಂದ್ರೂ ಬಾಗ್ಲಾಗ ನಿಂತ ಮಾತಾಡ್ತಾಳ. ಮಗಳು ಗಂಡನ ಮನಿಯಿಂದ ಬಂದು ಹೋದ್ರೂ ನನ್ನ ಸಮೀಪ ಬರಂಗಿಲ್ಲ. ಅವ್ರ ಮ್ಯಾಲೆ ಸಿಟ್ಟಿಲ್ರಿ. ಡಾಕ್ಟರ್ ಹೇಳ್ಯಾರಂದ್ರ ಅವ್ರೇನ್ ಮಾಡ್ತಾರ? ಅದಕ್ಕ, ಇದು ಟೀಬಿ ಅಲ್ಲ ಅಂತ ಸರಕಾರದ ಸಿಕ್ಕಾ ಇರೂ ಕಾಗದ ಬೇಕು."

ಆ ವಾರ್ಡಿನಲ್ಲಿ ಅವರನ್ನು ನೋಡಲು ಬರುತ್ತಿದ್ದವರು ಇಬ್ಬರೇ. ಗಾಳಾದಲ್ಲಿ ಜೊತೆಗೆ ಕೆಲಸ ಮಾಡುವವರು. ಭಾನುವಾರ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದು, ಒಂದು ತಾಸು ಕುಳಿತು, ಗಾಳಾದ ಸುದ್ದಿ ಹೇಳಿ ಹೋಗುತ್ತಿದ್ದರು.

ಅವರಲ್ಲೊಬ್ಬರಿಂದ ವಿಳಾಸ ತಿಳಿದುಕೊಂಡು ನಾನು ಬೈಕುಲ್ಲಾಕ್ಕೆ ಹೋದೆ. ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ತರಕಾರಿ ಗೋಣಿಗಳ ನಡುವೆ ಒಂದು ಸಂದಿ, ಅದರ ಕೊನೆಯಲ್ಲಿ ಚಾಳು, ಚಾಳಿನ ಬೆನ್ನಿಗೆ ತಗಡಿನ ಮಾಡು. ಕಂಪ್ರೆಸರ್ ಸದ್ದು ದೂರಕ್ಕೇ ಕೇಳಿಸುತ್ತಿತ್ತು. ಬಾಗಿಲಲ್ಲಿ ನಿಂತರೆ ಹಲ್ಲಿನ ನಡುವೆ ಮರಳು ಕರಕರ ಎಂದಿತು. ಒಳಗೆ ಹನ್ನೊಂದು ಜನ ಇದ್ದರು, ಎಲ್ಲರ ರೆಪ್ಪೆಯೂ ಬೆಳ್ಳಗಿತ್ತು. ಗೋಡೆಯ ಪಕ್ಕ ತಿಕ್ಕಿ ಮುಗಿಸಿದ ವಾಲ್ವ್‌ಗಳನ್ನು ಪೇರಿಸಿಟ್ಟಿದ್ದರು. ಪ್ರತಿಯೊಂದರ ಹೊಟ್ಟೆಯ ಮೇಲೂ ಕಾಂದಿವಲಿ ಕಂಪನಿಯ ಗುರುತು ಉಬ್ಬಿಕೊಂಡಿತ್ತು. ಯಾರೂ ನೋಡದಿದ್ದಾಗ ನಾನು ಫೋನ್ ತೆಗೆದು ಒಂದು ಫೋಟೋ ಹೊಡೆದೆ. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ.

ಸೇಠ್ ಎಂದರೆ ನಾನು ಬೇರೆ ಯಾರನ್ನೋ ಊಹಿಸಿಕೊಂಡಿದ್ದೆ. ಬಂದವರು ಐವತ್ತೆಂಟು ಅರವತ್ತರ, ಮಾಸಲು ಪೈಜಾಮದ ಮನುಷ್ಯ. ಅವರ ರೆಪ್ಪೆಯೂ ಬೆಳ್ಳಗಿತ್ತು. ಆಸ್ಪತ್ರೆಯಿಂದ ಬಂದಿದ್ದೇನೆ ಎಂದಾಗ ಮೊದಲು ಕೇಳಿದ್ದು, "ಹೆಂಗದಾನ್ರಿ ಅಂವ?" ಎಂದು. ನಾನು ಫಾರಂ ತೋರಿಸಿ, ಇಷ್ಟು ವರ್ಷ ಇಲ್ಲಿ ಕೆಲಸ ಮಾಡಿದ್ದಾನೆ ಎಂದು ಒಂದು ಕಾಗದ ಬರೆದುಕೊಡಿ ಎಂದಾಗ ಹೊರಗೆ ಸಂದಿಗೆ ಕರೆದುಕೊಂಡು ಬಂದರು.

"ಮೇಡಮ್ಮಾರ, ನಾ ಕಾಗದ ಬರಿಬೇಕಂದ್ರ ಮೊದ್ಲ ಈ ಗಾಳಾ ಐತಿ ಅಂತ ಆಗಬೇಕಲ್ರಿ? ಸರಕಾರದ ಲೆಕ್ಕದಾಗ ಇಲ್ಲಿ ಗೋದಾಮು ಐತಿ, ಅದೂ ಬಂದ್ ಐತಿ."

"ರಿಜಿಸ್ಟರ್ ಮಾಡಿಸಬಹುದಿತ್ತಲ್ಲ ನೀವು?"

"ಮಾಡ್ಸಾಕ ಹೋಗಿದ್ದೆರಿ. ಜಾಗಾದ ಮಾಲೀಕನ ಒಪ್ಪಿಗಿ ಪತ್ರ ತಾ ಅಂದ್ರು. ಮಾಲೀಕ ಸತ್ತಾನ, ಮೂರು ಮಂದಿ ಮಕ್ಕಳು ಕೋರ್ಟಿನ್ಯಾಗ ಅದಾರ. ಮಂದಿ ಇರೂ ಚಾಳಿನ ಹಿಂದ ಉಸುಕ ಹೊಡಿಯೂ ಕೆಲಸಕ್ಕ ಪರವಾನಗಿ ಕೊಡಂಗಿಲ್ಲ ಅಂದ್ರು. ಅದೂ ಖರೇನ. ದೂರ ಎಲ್ಲೆರ ಜಾಗಾ ಹಿಡಿದು ಎಲ್ಲಾ ಕಾಯ್ದೆ ಪ್ರಕಾರ ಮಾಡಿದ್ರ, ಕಂಪನಿಯವ್ರು ಈಗಿನ ರೇಟಿಗೆ ಮಾಲ್ ಕೊಡಂಗಿಲ್ಲ. ನಾಳೆ ಕುರ್ಲಾದಾಗ ಇನ್ನೊಬ್ಬನ ಗಾಳಾಕ್ಕ ಟೆಂಪೋ ಹೋಗ್ತದ."

ಕಾಂದಿವಲಿಯ ಕಥೆಯನ್ನೂ ಅವರೇ ಹೇಳಿದರು. ಅಲ್ಲಿ ಮರಳು ಹೊಡೆಯುವ ವಿಭಾಗದಲ್ಲಿ ತಪಾಸಣೆಯವರು ಬಂದು, ಗಾಳಿ ಎಳೆಯುವ ಯಂತ್ರ ಹಾಕಿಸಿ, ಕೆಲಸಗಾರರಿಗೆ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿ ಎಂದು ಬರೆದುಹೋದರಂತೆ. ಕಂಪನಿ ಯಂತ್ರ ಹಾಕಿಸಲಿಲ್ಲ, ವಿಭಾಗವನ್ನೇ ಮುಚ್ಚಿತು. ಹಳೆಯ ಕಂಪ್ರೆಸರನ್ನು ಫೋರ್‌ಮನ್‌ಗೆ ಕೊಟ್ಟು, ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದೇನೆ ಎಂದು ಸಹಿ ಹಾಕಿಸಿಕೊಂಡಿತು. ಅದೇ ಯಂತ್ರ, ಅದೇ ಹುಡುಗರು, ಅದೇ ವಾಲ್ವ್. ಜಾಗ ಬೇರೆ, ಅಷ್ಟೇ.

"ನಾ ಸಹಿ ಮಾಡಿದ್ರ ಅವನೊಬ್ಬಗ ಕಾಗದ ಸಿಗ್ತದ. ಈ ಹನ್ನೊಂದು ಮಂದಿ ಎಲ್ಲಿಗೆ ಹೋಗಬೇಕ್ರಿ?" ಎಂದು ಕೇಳಿ ಒಳಗೆ ಹೋದರು.

ಮರುದಿನ ಕಾಂದಿವಲಿಯ ಕಂಪನಿಗೂ ಹೋದೆ. ಅದು ನನ್ನ ಮನೆಯಿಂದ ರಿಕ್ಷಾದಲ್ಲಿ ಹದಿನೈದು ನಿಮಿಷ. ಆ ಗೇಟಿನ ಮುಂದೆ ನಾನು ಎಷ್ಟೋ ಸಲ ಬಸ್ಸಿಗೆ ಕಾದಿದ್ದೇನೆ. ಆಡಳಿತ ವಿಭಾಗದ ತರುಣಿ ಮರ್ಯಾದೆಯಿಂದಲೇ ಮಾತನಾಡಿದಳು. ಹಾಜರಿ ಪುಸ್ತಕ, ವಿಮೆಯ ಪಟ್ಟಿ, ಸುರಕ್ಷಾ ಸಮಿತಿಯ ವರದಿ, ಎಲ್ಲವೂ ಅವಳ ಬಳಿ ಅಚ್ಚುಕಟ್ಟಾಗಿದ್ದವು. ನಮ್ಮ ರೋಗಿಯ ಹೆಸರು ಯಾವುದರಲ್ಲೂ ಇರಲಿಲ್ಲ. "ಮ್ಯಾಡಮ್, ನಮ್ಮಲ್ಲಿ ಸ್ಯಾಂಡ್ ಬ್ಲಾಸ್ಟಿಂಗೇ ಇಲ್ಲ," ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳು ಕೆಲಸಕ್ಕೆ ಸೇರುವ ಎಷ್ಟೋ ಮೊದಲೇ ಅದು ಅಲ್ಲಿಂದ ಹೊರಟುಹೋಗಿತ್ತು.

ನಾನು ಇರುವಷ್ಟನ್ನು ಸೇರಿಸಿ ಫೈಲು ಕಳಿಸಿದೆ. ಮೂರು ವಾರಕ್ಕೆ ಅದು ಹಿಂದಕ್ಕೆ ಬಂತು. ಮೇಲೆ ಒಂದೇ ಸಾಲು ಬರೆದಿತ್ತು: ಉದ್ಯೋಗದ ಪುರಾವೆ ಲಗತ್ತಿಸಿಲ್ಲ.

ಮತ್ತೊಮ್ಮೆ ಸೇಠ್ ಅವರನ್ನು ಕೇಳಿ ನೋಡೋಣ ಎಂದು ಬೈಕುಲ್ಲಾಕ್ಕೆ ಹೋದರೆ ಸಂದಿ ನಿಶ್ಶಬ್ದವಾಗಿತ್ತು. ಗಾಳಾಕ್ಕೆ ಹೊಸ ಬೀಗ ಬಿದ್ದಿತ್ತು. ತಗಡಿನ ತೂತಿನಿಂದ ಇಣುಕಿದೆ. ಕಂಪ್ರೆಸರ್ ಇದ್ದ ಜಾಗದಲ್ಲಿ ನಾಲ್ಕು ಬೋಲ್ಟುಗಳು ಮಾತ್ರ ನೆಲದಿಂದ ಎದ್ದು ನಿಂತಿದ್ದವು. ಚಾಳಿನ ಹೆಂಗಸೊಬ್ಬಳು, "ಯಾರೋ ಆಫೀಸರ್ ಬಾಯಿ ಬಂದಿದ್ದಳಂತೆ, ಅದಕ್ಕೇ ರಾತೋರಾತ್ರಿ ಖಾಲಿ ಮಾಡಿಕೊಂಡು ಹೋದರು," ಎಂದು ಹಿಂದಿಯಲ್ಲಿ ಹೇಳಿದಳು. ಆ ಆಫೀಸರ್ ಬಾಯಿ ನಾನೇ ಎಂದು ಅವಳಿಗೆ ಗೊತ್ತಾಗಲಿಲ್ಲ.

ಆ ಭಾನುವಾರ ನನಗೆ ರಜೆ. ಆದರೂ ಆಸ್ಪತ್ರೆಗೆ ಹೋಗಿ, ಗಾಳಾ ಖಾಲಿಯಾದದ್ದನ್ನು ನಮ್ಮ ರೋಗಿಗೆ ಹೇಳಿದೆ. ಭೇಟಿಯ ಸಮಯ ನಾಲ್ಕರಿಂದ ಆರು. ಎಲ್ಲ ಹಾಸಿಗೆಗಳ ಸುತ್ತ ಜನ ಇದ್ದರು, ಕೊನೆಯ ಹಾಸಿಗೆಯೊಂದನ್ನು ಬಿಟ್ಟು. ಅವರು ಬಾಗಿಲ ಕಡೆ ಮುಖ ಮಾಡಿ ಕುಳಿತಿದ್ದರು. ಆರು ಗಂಟೆಯಾಗಿ ಸಿಸ್ಟರ್ ಜನರನ್ನು ಹೊರಗೆ ಕಳಿಸಲು ಶುರು ಮಾಡಿದಾಗ ನನ್ನ ಕಡೆ ತಿರುಗಿದರು.

"ಈಗ ನಾಲ್ಕನೇ ಐತವಾರರಿ ಇದು. ಫೋನ್ ಹಚ್ಚಿದ್ರ ಎತ್ತವಲ್ಲರು. ಮೊದ್ಲು ರೋಗ ಇತ್ತು, ಆದ್ರ ಮಂದಿ ಇದ್ರು. ಈಗ ಮಂದೀನೂ ಇಲ್ಲ." ಸ್ವಲ್ಪ ಹೊತ್ತು ಉಸಿರಿಗೆ ನಿಂತರು. "ನೀವು ಒಳ್ಳೇದಕ್ಕ ಮಾಡೀರಿ, ನನಗ ಗೊತ್ತೈತಿ. ಆದ್ರ ನನ್ನ ಕೇಳಿ ಹೋಗಬೇಕಿತ್ರಿ ಅಕ್ಕಾರ."

ನಿಜ, ನಾನು ಅವರನ್ನು ಕೇಳಿರಲಿಲ್ಲ. ವಿಳಾಸ ಸಿಕ್ಕಿತು, ಹೋಗಿಬಿಟ್ಟೆ. ಇಷ್ಟು ವರ್ಷ ಜನರ ಕಷ್ಟ ಬರೆದುಕೊಂಡು ಬರೆದುಕೊಂಡು, ಕೇಳುವುದು ಎಂದರೆ ಫಾರಂ ತುಂಬುವುದು ಎಂದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಅಂದು ಕಾಂದಿವಲಿಗೆ ವಾಪಸಾಗುವಾಗ ಲೋಕಲ್ ಖಾಲಿ ಇತ್ತು. ಕಿಟಕಿಯ ಪಕ್ಕ ಕುಳಿತು ಫೋನಿನಲ್ಲಿದ್ದ ಆ ಫೋಟೋ ತೆಗೆದು ನೋಡಿದೆ. ತಗಡಿನ ಗೂಡು, ಪೈಪು, ಕಂಪನಿಯ ಗುರುತಿನ ವಾಲ್ವ್‌ಗಳು, ಬೆಳ್ಳಗಿನ ಮುಖಗಳು. ಮಂಡಳಿಗೆ ಇದೊಂದು ಸಾಕಿತ್ತು. ಇಂಥ ಗಾಳಾ ಇತ್ತು ಎಂದು ಇದು ತೋರಿಸಿದರೆ ಮಂಡಳಿ ಇವರ ಬಾಯಿಮಾತನ್ನೇ ನಂಬುತ್ತಿತ್ತು, ಯಾರ ಸಹಿಯೂ ಬೇಕಿರಲಿಲ್ಲ. ಆದರೆ ಮಂಡಳಿಯಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿಯೂ ಇರುತ್ತಾರೆ, ಆ ಮುಖಗಳನ್ನು ಹುಡುಕಿಕೊಂಡು ಹೋಗುವುದು ಅವರ ಕರ್ತವ್ಯ.

ಮೂರು ದಿನ ಅದನ್ನು ಕಳಿಸುವುದೋ ಬೇಡವೋ ಎಂದು ಒದ್ದಾಡಿದೆ. ವೈದ್ಯೆಯನ್ನು ಕೇಳಿದರೆ, "ನಮ್ಮ ರೋಗಿ ಒಬ್ಬ, ಅವನ ಹಿತ ನೋಡಿ," ಎಂದರು. ಅದು ತಪ್ಪು ಸಲಹೆಯಲ್ಲ. ನಾಲ್ಕನೆಯ ದಿನ ವಾರ್ಡಿಗೆ ಹೋಗಿ ಫೋಟೋವನ್ನು ಅವರ ಕೈಗೇ ಕೊಟ್ಟೆ. ಎರಡು ಬೆರಳಿನಿಂದ ಹಿಗ್ಗಿಸಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಬಹಳ ಹೊತ್ತು ನೋಡಿದರು.

"ಬ್ಯಾಡ್ರಿ," ಎಂದರು. "ಕಾಗದ ಸಿಗದಿದ್ರ ಬಿಡ್ರಿ. ಇದನ್ನ ಕೊಡಬ್ಯಾಡ್ರಿ."

ಸೇಠ್ ಅವರನ್ನು ಹುಡುಕಲು ನನಗೆ ಉಳಿದಿದ್ದ ದಾರಿ ಖಾನಾವಳಿ. ಗಾಳಾದವರಿಗೆಲ್ಲ ಡಬ್ಬಿ ಹೋಗುತ್ತಿದ್ದದ್ದು ಬೈಕುಲ್ಲಾದಲ್ಲಿ ಕಲಬುರಗಿ ಕಡೆಯ ಒಬ್ಬ ಹೆಂಗಸು ನಡೆಸುವ ಖಾನಾವಳಿಯಿಂದ. ಈ ಸಲ ನಮ್ಮ ರೋಗಿಯನ್ನು ಕೇಳಿ, ಅವರು ಹ್ಞೂಂ ಎಂದ ಮೇಲೆ ಹೋದೆ. ಮಧ್ಯಾಹ್ನದ ಊಟ ಮುಗಿದು ಆಕೆ ರೊಟ್ಟಿಯ ಹಂಚನ್ನು ಉಜ್ಜುತ್ತಿದ್ದಳು. ನಾನು ಯಾರೆಂದು ಹೇಳಿದ್ದೇ ಕೈ ನಿಲ್ಲಿಸಿದಳು.

"ನೀನಽ ಏನು? ನೀ ಬಂದು ಹೋದ ಮ್ಯಾಲೆ ಹನ್ನೊಂದು ಮಂದಿ ಎಂಟು ದಿನ ಕೆಲಸ ಇಲ್ಲದ ಕುಂತ್ರು. ಈಗ ಹೊಸಾ ಜಾಗಾ ತೋರ್ಸು ಅಂತಿ?"

"ಜಾಗ ಹೇಳಬೇಡಿ. ನಾನು ಒಂದು ಮಾತು ಹೇಳಬೇಕಿದೆ ಅಂತ ಅವರಿಗೆ ತಿಳಿಸಿ ಸಾಕು. ಎಲ್ಲಿ ಬಾ ಅಂದರೆ ಅಲ್ಲಿಗೆ ಬರ್ತೇನೆ."

ಆಕೆ ಮತ್ತೆ ಹಂಚು ಉಜ್ಜತೊಡಗಿದಳು. ನಾನು ಎದ್ದು ಹೊರಡುವಾಗ, "ಶುಕ್ರವಾರ ಇದಽ ಹೊತ್ತಿಗೆ ಬಾ," ಎಂದಳು.

ಶುಕ್ರವಾರ ಸೇಠ್ ಬಂದಿದ್ದರು. ಮೂಲೆಯ ಬೆಂಚಿನಲ್ಲಿ ಕುಳಿತಿದ್ದರು. ನಾನು ಫೋನ್ ತೆಗೆದು ಮೇಜಿನ ಮೇಲಿಟ್ಟು ಫೋಟೋ ತೋರಿಸಿದೆ. ಅವರ ಮುಖ ಬಿಳಿಚಿಕೊಂಡಿತು.

"ಇದನ್ನು ನಿಮ್ಮನ್ನು ಕೇಳದೆ ತೆಗೆದೆ. ಅದು ತಪ್ಪಾಯಿತು. ಇದನ್ನು ಕೊಟ್ಟರೆ ಅವರಿಗೆ ಕಾಗದ ಸಿಗ್ತದೆ. ಆದರೆ ಕೊಡಬೇಡಿ ಅಂದದ್ದು ಅವರೇ," ಎಂದು ಹೇಳಿ, ಅವರ ಕಣ್ಣೆದುರೇ ಅಳಿಸಿಹಾಕಿದೆ. "ಫೈಲನ್ನು ಮತ್ತೆ ಕಳಿಸಿದ್ದೇನೆ, ಮುಂದಿನ ತಿಂಗಳು ಎರಡನೇ ಮಂಗಳವಾರ ಮಂಡಳಿಯ ವಿಚಾರಣೆ ಉಂಟು. ನೀವು ಬಂದು ಬಾಯಲ್ಲಿ ಹೇಳಿದರೂ ಬರೆದುಕೊಳ್ತಾರೆ."

"ಬರಂಗಿಲ್ರಿ ಮೇಡಮ್ಮಾರ. ಸುಳ್ಳ ಆಸೆ ಹಚ್ಚಂಗಿಲ್ಲ ನಾ. ನನಗ ಬರಾಕ ಆಗಂಗಿಲ್ಲ."

"ಆಯ್ತು. ಹೇಳುವುದು ನನ್ನ ಕೆಲಸ, ಹೇಳಿದ್ದೇನೆ. ಇನ್ನೊಂದು ಮಾತು. ನಿಮ್ಮ ಹುಡುಗರನ್ನು ಎಕ್ಸ್‌ರೇಗೆ ಕಳಿಸಿ. ಎಲ್ಲಿ ಕೆಲಸ ಅಂತ ನಾನು ಕೇಳುವುದಿಲ್ಲ. ಭಾನುವಾರ ಇಬ್ಬರು ಅವರನ್ನು ನೋಡಲು ಬರ್ತಿದ್ದರು. ಅವರನ್ನು ತಡೆಯಬೇಡಿ."

ಆ ಭಾನುವಾರ ಇಬ್ಬರೂ ಬಂದರು. ನಾನು ವಾರ್ಡಿನ ಬಾಗಿಲ ತನಕ ಹೋಗಿ, ನೋಡಿ, ಒಳಗೆ ಹೋಗದೆ ಹಿಂದಿರುಗಿದೆ. ಎಕ್ಸ್‌ರೇಗೆ ಬಂದವರು ಹನ್ನೊಂದರಲ್ಲಿ ನಾಲ್ವರು. ಆ ನಾಲ್ವರಲ್ಲಿ ಇಬ್ಬರ ಚಿತ್ರದಲ್ಲಿ ಅವೇ ಸಾಸಿವೆ ಕಾಳುಗಳಿದ್ದವು. ಅವರಿಗೆ ಅದನ್ನು ಹೇಳುವ ಕೆಲಸವೂ ನನ್ನದೇ. ಹೇಳಿದೆ. ಒಬ್ಬನಿಗೆ ಇನ್ನೂ ಇಪ್ಪತ್ತೇಳು. "ಬೇರೆ ಕೆಲಸ ಎಲ್ಲಿ ಸಿಗತೈತ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದ.

ವಿಚಾರಣೆಯ ದಿನ ನಮ್ಮ ರೋಗಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಸಣ್ಣ ಆಕ್ಸಿಜನ್ ಸಿಲಿಂಡರ್ ಜೊತೆ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದೆ. ಉದ್ದ ಮೇಜಿನ ಆಚೆ ಮೂವರು ವೈದ್ಯರು, ಕಾರ್ಮಿಕ ಇಲಾಖೆಯ ಒಬ್ಬ ಅಧಿಕಾರಿ. ವೈದ್ಯರು ಸಿಟಿ ಸ್ಕ್ಯಾನ್ ನೋಡಿ ತಮ್ಮತಮ್ಮಲ್ಲೇ ತಲೆಯಾಡಿಸಿದರು. ಕಾಯಿಲೆಯ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ. ಅಧಿಕಾರಿ ಪುಟ ತಿರುವಿ, "ಎಲ್ಲಿ ಕೆಲಸ ಮಾಡಿದ್ದು? ಪುರಾವೆ?" ಎಂದು ಹಿಂದಿಯಲ್ಲಿ ಕೇಳಿದರು. ಇವರು ನನ್ನ ಮುಖ ನೋಡಿದರು. ನಾನು ಇಸಿಜಿ ಕಾಗದದ ಗೆರೆಯನ್ನು ಶುದ್ಧಪ್ರತಿ ಮಾಡಿ ತಂದಿದ್ದೆ. ಅದನ್ನು ಮುಂದಿಟ್ಟೆ. ಅಧಿಕಾರಿ ಓದಿ, "ಇದು ಇವರೇ ಹೇಳಿದ್ದು. ಇದು ಪುರಾವೆ ಆಗುವುದಿಲ್ಲ," ಎಂದರು. ಅವರ ದನಿಯಲ್ಲಿ ಒರಟುತನ ಇರಲಿಲ್ಲ.

ಮುಂದಿನವರನ್ನು ಕರೆಯಲು ಜವಾನ ಬಾಗಿಲು ತೆಗೆದಾಗ ಹೊರಗಿನ ಬೆಂಚಿನಲ್ಲಿ ಸೇಠ್ ಕುಳಿತಿದ್ದರು. ಒಗೆದ ಬಿಳಿ ಅಂಗಿ, ತಲೆಗೆ ಟೋಪಿ. ಎಷ್ಟು ಹೊತ್ತಿನಿಂದ ಕುಳಿತಿದ್ದರೋ ಗೊತ್ತಿಲ್ಲ. ಎದ್ದು ಒಳಗೆ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಯಾರೂ ಕೇಳುವ ಮೊದಲೇ ತಮ್ಮ ಹಿಂದಿಯಲ್ಲಿ ಹೇಳಿದರು. ಈತ ಹದಿನೇಳು ವರ್ಷ ನನ್ನ ಕೈಕೆಳಗೆ ಉಸುಕು ಹೊಡೆದಿದ್ದಾನೆ. ಆರು ವರ್ಷ ಕಾಂದಿವಲಿಯಲ್ಲಿ, ಹನ್ನೊಂದು ವರ್ಷ ನನ್ನ ಗಾಳಾದಲ್ಲಿ. ಗಾಳಾ ನನ್ನದು. ಅದಕ್ಕೆ ಪರವಾನಗಿ ಇಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟು, "ನೀವು ಏನು ಹೇಳ್ತಿದ್ದೀರಿ ಅಂತ ಗೊತ್ತಿದೆಯಾ?" ಎಂದು ಕೇಳಿದರು.

"ಗೊತ್ತದ ಸಾಹೇಬ್ರ," ಎಂದರು, ಈ ಸಲ ಕನ್ನಡದಲ್ಲಿ. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಹೇಳಿಕೆ ಬರೆದುಕೊಂಡರು, ಈಗಿನ ವಿಳಾಸವನ್ನೂ. ಸೇಠ್ ಸಹಿ ಹಾಕಿದರು. ಗಾಲಿಕುರ್ಚಿಯ ಪಕ್ಕದಿಂದ ಹಾದು ಹೋಗುವಾಗ ನಮ್ಮ ರೋಗಿಯ ಭುಜದ ಮೇಲೆ ಒಂದು ಕ್ಷಣ ಕೈ ಇಟ್ಟು ಹೊರಗೆ ನಡೆದರು. ಅವರು ಯಾಕೆ ಬಂದರು ಎಂದು ನಾನು ಕೇಳಲಿಲ್ಲ. ಬರದೆ ಇದ್ದಿದ್ದರೆ ಆ ಫೋಟೋ ಅಳಿಸಿದ ತಪ್ಪು ನನ್ನ ತಲೆಯ ಮೇಲೆ ಇರುತ್ತಿತ್ತು. ಬಂದದ್ದರಿಂದ ನಾನು ಮಾಡಿದ್ದು ಸರಿ ಎಂದೂ ಆಗುವುದಿಲ್ಲ. ಎಷ್ಟೋ ಸಲ ಯೋಚಿಸಿದ್ದೇನೆ, ನನಗೆ ಇನ್ನೂ ಗೊತ್ತಾಗಿಲ್ಲ.

ಪ್ರಮಾಣಪತ್ರ ಬಂತು. ಅದು ಇಂಗ್ಲಿಷಿನಲ್ಲಿತ್ತು. ಊರಿನಲ್ಲಿ ಅದನ್ನು ಓದುವವರು ಯಾರು? ಒಂದು ಮಧ್ಯಾಹ್ನ ಕುಳಿತು ನಾನು ಅದನ್ನು ಆಸ್ಪತ್ರೆಯ ಹಾಳೆಯ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಇದು ಕ್ಷಯರೋಗವಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂಬ ಸಾಲನ್ನು ಮೊದಲು ಹಾಕಿದೆ. ವೈದ್ಯೆ ಓದಲು ಬಾರದಿದ್ದರೂ ನನ್ನನ್ನು ನಂಬಿ ಕೆಳಗೆ ಸಹಿ ಮಾಡಿ ಸಿಕ್ಕಾ ಒತ್ತಿದರು. ಹೆಂಡತಿಯ ತಮ್ಮ ಬಂದು ಅವರನ್ನು ಊರಿಗೆ ಕರೆದುಕೊಂಡು ಹೋದ. ಹತ್ತು ದಿನಕ್ಕೆ ಫೋನ್ ಬಂತು. ಹಿಂದೆ ಒಂದು ಮಗು ಜೋರಾಗಿ ಅಳುತ್ತಿತ್ತು.

"ಕೇಳ್ರಿ, ಕೇಳ್ರಿ," ಎಂದರು. "ಮೊಮ್ಮಗನ್ನ ನನ್ನ ತೊಡಿ ಮ್ಯಾಲೆ ಕುಂಡ್ರಿಸಿ ಹೋಗ್ಯಾಳ್ರಿ ಮಗಳು. ಸುಮ್ಮ ಆಗವಲ್ಲ."

ಪರಿಹಾರದ ಅರ್ಜಿ ಇನ್ನೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿದೆ. ಗಾಳಾಕ್ಕೆ ನೋಟಿಸ್ ಬರುವ ಮೊದಲೇ ಕಂಪನಿಯ ಟೆಂಪೋ ಬರುವುದು ನಿಂತಿತಂತೆ. ಸುದ್ದಿ ಕಾಂದಿವಲಿಗೆ ಹೇಗೆ ಮುಟ್ಟಿತೋ, ವಿಚಾರಣೆಯಾದ ನಾಲ್ಕನೆಯ ದಿನ ಮಾಲು ಬೇರೆ ಕಡೆ ಹೋಯಿತು. ಹುಡುಗರಲ್ಲಿ ಕೆಲವರು ಮಾಲಿನ ಹಿಂದೆಯೇ ಹೋಗಿ ಹೊಸ ಗಾಳಾದಲ್ಲಿ ಅದೇ ಪೈಪು ಹಿಡಿದರು. ಆ ಇಪ್ಪತ್ತೇಳರವನೂ ಅವರಲ್ಲಿದ್ದಾನೆ ಎಂದು ಖಾನಾವಳಿಯ ಹೆಂಗಸು ಹೇಳಿದಳು. ಎಕ್ಸ್‌ರೇಗೆ ಮತ್ತೆ ಬಾ ಎಂದು ನಾನು ಮಾಡಿದ ಫೋನನ್ನು ಅವನು ಎತ್ತಲಿಲ್ಲ.

ಮಳೆಗಾಲದ ಕೊನೆಯಲ್ಲಿ ಒಂದು ದಿನ ಸೇಠ್ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಹೊರರೋಗಿಯ ಚೀಟಿ. ಮೇಲಿನ ಮಹಡಿಯಿಂದ ಇಳಿದು ಬಂದಿದ್ದಕ್ಕೇ ಏದುಸಿರು ಬಿಡುತ್ತಿದ್ದರು. ವೈದ್ಯೆ ಕೆಲಸದ ಚರಿತ್ರೆ ಬರೆಸಿಕೊಂಡು ಬಾ ಎಂದು ಕಳಿಸಿದ್ದರು. ಮುರಿದ ಚಕ್ರಗಳನ್ನು ಸರಿಸಿ ಒಂದು ಕುರ್ಚಿ ಕೊಟ್ಟೆ.

"ನೀವು ಮಾಲೀಕರಾಗಿದ್ದಿರಲ್ಲ, ಗೂಡಿನೊಳಗೆ ಹೋಗ್ತಿದ್ದಿರಾ?"

"ಯಾರರೆ ಬರ್ಲಿಲ್ಲಂದ್ರ ನಾನಽ ಹೋಗ್ತಿದ್ದೆ ತಂಗಿ. ದಿನಾ ಯಾರರೆ ಒಬ್ರು ಬರ್ತಿದ್ದಿಲ್ಲ." ಸುಧಾರಿಸಿಕೊಂಡು, "ಅವನ ಸಲುವಾಗಿ ನಾ ಬಂದು ಹೇಳಿದೆ. ನನ್ನ ಸಲುವಾಗಿ ಯಾರು ಬಂದು ಹೇಳಬೇಕ್ರಿ? ಕಂಪನಿಯವ್ರ ಕಾಗದಾ ಎಲ್ಲಾ ಸಹಿ ಮಾಡಿ ತಿರುಗಿ ಕೊಟ್ಟೇನಿ," ಎಂದರು.

"ನೀವು ಯಾರ ಸಲುವಾಗಿ ಹೇಳಿದಿರೋ ಅವರೇ ಇದ್ದಾರಲ್ಲ," ಎಂದೆ. "ಅವರಿಗೆ ಬರಲು ಆಗದಿದ್ದರೆ ಫೋನಿನಲ್ಲೇ ಹೇಳಿಕೆ ಬರೆದುಕೊಳ್ಳಿ ಅಂತ ಕೇಳೋಣ."

ಅವರ ಮುಖ ಸ್ವಲ್ಪ ಅರಳಿತು. ನಾನು ಆಗಲೇ ನಂಬರ್ ಒತ್ತಿದೆ. ಬಹಳ ಹೊತ್ತಿನ ಮೇಲೆ ಮಗಳು ಎತ್ತಿದಳು. ಅಪ್ಪನಿಗೆ ಕೊಡಮ್ಮ ಎಂದೆ. ಅವಳು ಹೇಳಿದಳು, ಅಪ್ಪ ಹೋಗಿ ಇಪ್ಪತ್ತು ದಿನ ಆಯಿತು, ನಿಮ್ಮ ನಂಬರ್ ಯಾವುದೆಂದು ಯಾರಿಗೂ ಗೊತ್ತಾಗಲಿಲ್ಲ ಎಂದು.

ಫೋನ್ ಕೆಳಗಿಟ್ಟೆ. ಸೇಠ್ ನನ್ನನ್ನೇ ನೋಡುತ್ತಿದ್ದರು. ಹೇಳಬೇಕಾಗಿ ಬರಲಿಲ್ಲ. ಅವರು ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡು, ಕಿಟಕಿಯ ಕಡೆ ತಿರುಗಿ ಕುಳಿತರು. ಹೊರಗೆ ಒಪಿಡಿಯ ಸಾಲು ಕಾರಿಡಾರ್ ದಾಟಿ ಅಂಗಳದ ತನಕ ಬೆಳೆದಿತ್ತು. ಮುಂದಿನ ಚೀಟಿಯವರನ್ನು ಕಳಿಸಲೇ ಎಂದು ಜವಾನ ಬಂದು ಕೇಳಿದ. ಬೇಡ ಎಂದು ಕೈಮಾಡಿದೆ.

ಜವಾನ ಹೋದ ಮೇಲೆ ಅವರೇ ನನ್ನ ಕಡೆ ತಿರುಗಿದರು.

"ಬರ್ಕೋರಿ ತಂಗಿ," ಎಂದರು. "ಪುರಾವೆ ಆಗಲಿ, ಬಿಡ್ಲಿ. ಮೊದಲ್ನೇ ದಿನದಿಂದ ಹೇಳ್ತೇನಿ."